ನೂರಕ್ಕೆ ಎರಡು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮಾದೇಶನ ತೂಕ ಅರವತ್ತೆರಡು ಕಿಲೋ ಇನ್ನೂರ ಐವತ್ತು ಗ್ರಾಂ ಇತ್ತು. ಲೈಟ್‌ವೈಟ್ ಬಾಕ್ಸಿಂಗ್‌ನ ಮಿತಿ ಅರವತ್ತೊಂದು ಕಿಲೋ ಇನ್ನೂರ ಮೂವತ್ತು ಗ್ರಾಂ. ಒಂದು ಕಿಲೋ ಇಪ್ಪತ್ತು ಗ್ರಾಂ ಹೆಚ್ಚು.

ತೂಕ ನಡೆದದ್ದು ತಿ. ನರಸೀಪುರದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ಮಂಟಪ ಮೂರು ದಿನಕ್ಕೆ ಸುಲಭವಾಗಿ ಸಿಕ್ಕಿತ್ತು. ಮೇಲಿನ ಹಾಲ್‌ನಲ್ಲಿ ಹೆಣ್ಣು ಗಂಡು ಕೂರುವ ವೇದಿಕೆಯ ಮುಂದೆ ಬೆಂಗಳೂರಿನಿಂದ ಬಂದ ಕೆಲಸಗಾರರು ರಿಂಗ್ ಕಟ್ಟುತ್ತಿದ್ದರು. ಪಂದ್ಯ ಶನಿವಾರ ಸಂಜೆ ಆರಕ್ಕೆ.

"ಇಳಿದು ಇನ್ನೊಂದು ಸಲ ನಿಲ್ಲಿ," ಎಂದರು ಹೇಮಲತಾ. ಪಂದ್ಯದ ಮೇಲ್ವಿಚಾರಕಿ ಅವರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು.

ಮಾದೇಶ ಇಳಿದ, ನಿಂತ. ಅದೇ ಅಂಕಿ. ಮೂರನೆಯ ಸಲವೂ ಅದೇ.

"ಮೇಡಂ, ನಿಮ್ಮ ಮಿಷಿನ್ ಸರಿ ಇದೆಯಾ?" ಎಂದು ಕೇಳಿದವನು ಮಾದೇಶನ ತರಬೇತುದಾರ ರವಿಕುಮಾರ್. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಬಸ್ ನಿಲ್ದಾಣದ ಹಿಂದಿನ ಹಳೆಯ ಅಕ್ಕಿ ಗೋಡೌನಿನಲ್ಲಿ ಹದಿನಾರು ವರ್ಷದಿಂದ ಬಾಕ್ಸಿಂಗ್ ಕಲಿಸುತ್ತಿದ್ದಾನೆ.

ಹೇಮಲತಾ ಸಿಟ್ಟಾಗಲಿಲ್ಲ. ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಮುದ್ರೆ ಇದ್ದ ಹತ್ತು ಕಿಲೋದ ಎರಡು ಕಬ್ಬಿಣದ ತೂಕಗಳನ್ನು ತೆಗೆಸಿ ಇಡಿಸಿದರು. ಇಪ್ಪತ್ತು ಕಿಲೋ ಸೊನ್ನೆ ಗ್ರಾಂ ತೋರಿಸಿತು.

"ಎರಡು ಗಂಟೆ ಟೈಮ್ ಇದೆ. ಹನ್ನೆರಡು ಹನ್ನೆರಡರ ತನಕ ಎಷ್ಟು ಸಲ ಬೇಕಾದರೂ ಬಂದು ನಿಲ್ಲಬಹುದು," ಎಂದರು. "ಡಾಕ್ಟರು ಇಲ್ಲೇ ಇರ್ತಾರೆ. ಮಾತ್ರೆ ಗೀತ್ರೆ ತಗೋಬೇಡಿ."

ಎದುರಾಳಿ ಹರಿಯಾಣದ ಹುಡುಗ, ಇಪ್ಪತ್ನಾಲ್ಕು ವರ್ಷ. ಅವನ ತೂಕ ಹತ್ತು ನಿಮಿಷ ಮೊದಲೇ ಆಗಿತ್ತು, ಅರವತ್ತೊಂದು ಕಿಲೋ ನೂರಾ ಎಪ್ಪತ್ತು. ಅವನು ಮೂಲೆಯ ಬೆಂಚಿನಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದ. ಮಾದೇಶ ಆ ಕಡೆ ನೋಡಲಿಲ್ಲ.

ಮಾದೇಶನಿಗೆ ಮೂವತ್ನಾಲ್ಕು. ನವೆಂಬರ್‌ನಲ್ಲಿ ಮೂವತ್ತೈದು ತುಂಬುತ್ತದೆ. ಈ ಆಯೋಜಕರು ಮೂವತ್ತೈದು ದಾಟಿದವರಿಗೆ ಪಂದ್ಯ ಕೊಡುವುದಿಲ್ಲ, ಇವರನ್ನು ಬಿಟ್ಟರೆ ಇವನಿಗೆ ಪಂದ್ಯ ಕೊಡುವವರು ಬೇರೆ ಇಲ್ಲ. ಊರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ಹುಲ್ಲಹಳ್ಳಿಯ ಹೈಸ್ಕೂಲಿನಲ್ಲಿದ್ದಾಗ ಮೈಸೂರಿನ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದ. ರಾಜ್ಯ ಮಟ್ಟದಲ್ಲಿ ಎರಡು ಬೆಳ್ಳಿ ಬಂದವು, ಚಿನ್ನ ಬರಲಿಲ್ಲ, ಕೆಲಸವೂ ಬರಲಿಲ್ಲ. ಇಪ್ಪತ್ತೆರಡಕ್ಕೆ ನಂಜನಗೂಡಿನ ಬಾಳೆ ಮಂಡಿಗೆ ಹಮಾಲಿಯಾಗಿ ಸೇರಿದ. ಇಪ್ಪತ್ತೇಳಕ್ಕೆ ವೃತ್ತಿಪರ ಬಾಕ್ಸರ್ ಆದ. ಏಳು ವರ್ಷದಲ್ಲಿ ಒಂಬತ್ತು ಪಂದ್ಯ, ಏಳು ಗೆಲುವು, ಒಂದು ಸಮ, ಒಂದು ಸೋಲು. ಒಂಬತ್ತರಲ್ಲಿ ಒಂದು ಸಲವೂ ತೂಕ ತಪ್ಪಿರಲಿಲ್ಲ.

ಈ ಹತ್ತನೆಯದು ಬೆಲ್ಟ್ ಪಂದ್ಯ. ಗೆದ್ದವನು ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನ ಎಂಟು ಜನರ ಟೂರ್ನಿಗೆ ಹೋಗುತ್ತಾನೆ. ಮಾದೇಶ ಪಾಸ್‌ಪೋರ್ಟ್ ಮಾಡಿಸಿದ್ದ. ಅದರಲ್ಲಿ ಇನ್ನೂ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ಹೊರಗೆ ಬಂದು ವ್ಯಾನಿನ ಬಾಗಿಲು ಹಾಕಿಕೊಂಡ ಮೇಲೆ ರವಿಕುಮಾರ್ ಬಾಯಿಬಿಟ್ಟ.

"ಏನ್ಲಾ ತಿಂದೆ?"

"ಏನೂ ತಿಂದಿಲ್ಲ ಸಾ."

"ಸುಳ್ಳೇಳಬೇಡ. ಒಂದ್ ಕೆ.ಜಿ. ಗಾಳೀಲಿ ಬಂತಾ?"

"ನಮ್ಮವ್ವನಾಣೆ ಸಾ. ಮೊನ್ನೆ ಸಂಜೆ ಎರಡು ಮೊಟ್ಟೆ ಬಿಳಿದು. ನೆನ್ನೆ ಏನೂ ಇಲ್ಲ. ಬೆಳಿಗ್ಗೆ ನೀವೇ ಕೊಟ್ಟ ಅರ್ಧ ಲೋಟ ನೀರು, ಅಷ್ಟೆಯಾ."

ಆ ಅರ್ಧ ಲೋಟ ನೀರನ್ನು ರವಿಕುಮಾರ್ ಕೊಟ್ಟದ್ದು ನಿಜ. ಬೆಳಿಗ್ಗೆ ಆರು ಗಂಟೆಗೆ ಮಂಡಿಯ ತಕ್ಕಡಿಯಲ್ಲಿ ಮಾದೇಶನ ತೂಕ ಅರವತ್ತೊಂದು ಕಿಲೋ ನೂರು ಗ್ರಾಂ. ಮಿತಿಗಿಂತ ನೂರಾ ಮೂವತ್ತು ಕಡಿಮೆ. ತಿ. ನರಸೀಪುರಕ್ಕೆ ಬಂದಾಗ ಅವನ ತುಟಿ ಒಡೆದದ್ದು ನೋಡಿ, ಇಷ್ಟು ಬಾಕಿ ಇದೆಯಲ್ಲ ಎಂದು ಅಳತೆಯ ಲೋಟದಲ್ಲಿ ನೂರು ಎಂ.ಎಲ್. ಕೊಟ್ಟಿದ್ದ.

ಗೋಡೌನಿನಲ್ಲಿದ್ದ ತೂಕದ ಯಂತ್ರ ಮುಳ್ಳಿನದು, ಒಂದೊಂದು ಸಲಕ್ಕೆ ಒಂದೊಂದು ತೋರಿಸುತ್ತಿತ್ತು. ಅದಕ್ಕೇ ಪಂದ್ಯದ ಮುಂಚಿನ ಆರು ವಾರ ಮಾದೇಶ ದಿನಾ ಬೆಳಿಗ್ಗೆ ಮಂಡಿ ತೆರೆಯುವ ಮುಂಚೆ ಅಲ್ಲಿನ ತಕ್ಕಡಿಯ ಮೇಲೆ ನಿಂತು ಅಂಕಿಯ ಫೋಟೋ ತೆಗೆದು ರವಿಕುಮಾರ್‌ಗೆ ಕಳಿಸುತ್ತಿದ್ದ. ಸರ್ಕಾರಿ ಮುದ್ರೆ ಬಿದ್ದ ತಕ್ಕಡಿ. ಒಂಬತ್ತು ಪಂದ್ಯಕ್ಕೂ ಮಂಡಿಯಲ್ಲೇ ನೋಡಿದ್ದು, ಒಂಬತ್ತು ಸಲವೂ ಸರಿಯಾಗಿತ್ತು.

ರವಿಕುಮಾರ್ ತಲಕಾಡಿನ ರಸ್ತೆಗೆ ವ್ಯಾನು ತಿರುಗಿಸಿದ. ಸೋನೆ ಬೀಳುತ್ತಿತ್ತು, ಆಷಾಢದ ಗಾಳಿ ಬೇರೆ. ಓಡಿಸಿದರೆ ಬೆವರು ಬರುವ ಹವೆ ಅಲ್ಲ. ಮೂರು ಕಿಲೋಮೀಟರ್ ದೂರದಲ್ಲಿ ಅವನ ಹಳೆಯ ವಿದ್ಯಾರ್ಥಿಯ ಆಲೆಮನೆ ಇತ್ತು. ಬೆಲ್ಲ ಕಾಯಿಸುವ ಒಲೆಯ ಪಕ್ಕ ನಿಲ್ಲಿಸುವುದು ಅವನ ಲೆಕ್ಕ.

ದಾರಿಯಲ್ಲಿ, ಮಂಡಿಯಲ್ಲಿ ತೂಕ ಹಾಕುವ ಚಿಕ್ಕಮಾದುಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಚಿಕ್ಕಮಾದಣ್ಣ, ನಿಮ್ಮ ಮಿಷಿನ್ ಕೆಟ್ಟಿದ್ಯಾ?"

"ಇಲ್ವಲ್ಲ ಸಾ. ಯಾಕ್ಸಾ? ಮಾದೇಶಂದು ತೂಕ ಆಯ್ತಾ?"

"ಒಂದ್ ಕೆ.ಜಿ. ಜಾಸ್ತಿ ಬಂದದೆ ಇಲ್ಲಿ. ನಿಮ್ಮಲ್ಲಿ ಸರಿ ಇತ್ತಂತೆ."

ಆ ಕಡೆ ಲಾರಿಯ ಹಿಮ್ಮುಖದ ಪೀಂ ಪೀಂ ಕೇಳಿಸುತ್ತಿತ್ತು.

"ಸರಿಯಾಗೇ ಅದೆ ಸಾ," ಎಂದ. ಆಮೇಲೆ ದನಿ ಇಳಿಸಿ, "ಬಾಳೆಗೆ ಸರಿಯಾಗೇ ಅದೆ," ಎಂದ.

ಮಾದೇಶ ಕಿಟಕಿಯಿಂದ ತಲೆ ಈ ಕಡೆಗೆ ತಿರುಗಿಸಿದ. "ಸೂಟು," ಎಂದ.

ಬಾಳೆಗೊನೆ ತೂಗುವಾಗ ದಿಂಡಿಗೆ, ತೇವಕ್ಕೆ, ಒಡೆದ ಕಾಯಿಗೆ ಎಂದು ಕೊಳ್ಳುವವರು ನೂರು ಕಿಲೋಗೆ ಎರಡು ಕಿಲೋ ಕಳೆದು ಹಿಡಿಯುತ್ತಿದ್ದರು. ಅದೇ ಸೂಟು. ಹಳೆಯ ತಕ್ಕಡಿ ಪೂರ್ತಿ ತೂಕ ತೋರಿಸುತ್ತಿತ್ತು, ಸೂಟು ಕಳೆಯುವುದು ಚೀಟಿಯಲ್ಲಿ. ಈ ವರ್ಷದ ಮಾರ್ಚಿನಲ್ಲಿ ರೈತರು ಮಂಡಿಯ ಮುಂದೆ ಕೂತು ಗಲಾಟೆ ಮಾಡಿದರು. ಯಜಮಾನರು "ಇಲ್ಲಿ ಸೂಟು ತೆಗೆಯುವುದಿಲ್ಲ" ಎಂದು ಬೋರ್ಡು ಬರೆಸಿ ಹಾಕಿದರು. ಯುಗಾದಿ ಕಳೆದ ವಾರ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಅದಕ್ಕೆ ಮುದ್ರೆ ಬಿದ್ದ ಮೇಲೆ ಒಂದು ಭಾನುವಾರ ಒಬ್ಬ ಮೆಕ್ಯಾನಿಕ್ ಬಂದು ಅರ್ಧ ಗಂಟೆ ಕೆಲಸ ಮಾಡಿ ಹೋದ. ಆವತ್ತಿನಿಂದ ನೂರು ಕಿಲೋ ಇಟ್ಟರೆ ತೊಂಬತ್ತೆಂಟು ತೋರಿಸುತ್ತದೆ. ಮಂಡಿಯಲ್ಲಿ ಕೆಲಸ ಮಾಡುವ ಹನ್ನೊಂದು ಜನಕ್ಕೂ ಇದು ಗೊತ್ತು. ಮಾದೇಶನಿಗೂ ಗೊತ್ತು. ಮಾದೇಶನ ಹಿಂದಿನ ಪಂದ್ಯ ನಡೆದದ್ದು ಹದಿನಾಲ್ಕು ತಿಂಗಳ ಹಿಂದೆ, ಹಳೆಯ ತಕ್ಕಡಿಯ ಕಾಲದಲ್ಲಿ.

"ಲೋಡು ಮೈಸೂರಲ್ಲಿ ತೂಗಿದ್ರೆ ಯಾವಾಗ್ಲೂ ಜಾಸ್ತಿ ಬತ್ತದೆ ಸಾ," ಎಂದ ಮಾದೇಶ. "ನಾನೇ ನಗಾಡ್ತಿದ್ದೆ. ಬಾಳೆ ಲಾರೀಲಿ ಬೆಳೀತದೆ ಅಂತ."

ರವಿಕುಮಾರ್ ಬಾಯಲ್ಲೇ ಲೆಕ್ಕ ಹಾಕಿದ. ಅರವತ್ತೆರಡರಲ್ಲಿ ನೂರಕ್ಕೆ ಎರಡು ಎಂದರೆ ಒಂದು ಕಿಲೋ ಇನ್ನೂರ ನಲವತ್ತು. ಕುಡಿಸಿದ ನೀರು, ನಾಲ್ಕು ಗಂಟೆಯಲ್ಲಿ ಇಳಿದದ್ದು, ಎರಡನ್ನೂ ಹಿಡಿದರೆ ಅಂಕಿ ಸರಿಯಾಗಿ ಕೂತಿತು. ಆರು ವಾರ ಅವನು ಫೋಟೋ ನೋಡಿ "ಗುಡ್" ಎಂದು ಉತ್ತರ ಕಳಿಸಿದ ಪ್ರತಿ ದಿನವೂ ಮಾದೇಶ ಒಂದು ಕಿಲೋ ಚಿಲ್ಲರೆ ಹೆಚ್ಚಿದ್ದ.

"ಫೋನ್ ಇಡ್ಲಾ ಸಾ?" ಎಂದ ಚಿಕ್ಕಮಾದು. ಅವನೇ ಇಟ್ಟ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಶಿವಣ್ಣ ಇಬ್ಬರನ್ನೂ ನೋಡಿ ಎದ್ದು ನಿಂತ. ಹತ್ತನೇ ಕ್ಲಾಸಿನಲ್ಲಿ ಅವನೂ ಆರು ತಿಂಗಳು ಗೋಡೌನಿಗೆ ಬಂದು ಮೂಗಿಗೆ ಏಟು ತಿಂದು ಬಿಟ್ಟವನು.

"ಏನ್ಸಾ, ಇಷ್ಟೊತ್ತಿಗೆ?"

"ಇವನು ಒಂದ್ ಕೆ.ಜಿ. ಇಳೀಬೇಕು. ಮುಕ್ಕಾಲು ಗಂಟೆ ಒಲೆ ಹತ್ರ ನಿಲ್ಲಿಸ್ತೀನಿ."

"ನಿಂತ್ಕೊಳ್ಳಿ. ಪಾಕ ಬಂದಾಗ ಯೋಳಿ, ಅಚ್ಚಿಗೆ ಉಯ್ದುಬುಡನ," ಎಂದ ಶಿವಣ್ಣ. ಯಾರೂ ನಗಲಿಲ್ಲ. ಅವನು ಮಾದೇಶನ ಮುಖ ನೋಡಿ, "ಒಂದ್ ಲೋಟ ಕಬ್ಬಿನ ಹಾಲು ಕುಡೀತಿಯಾ ಅಣ್ಣ?" ಎಂದ.

"ಬ್ಯಾಡ ಕಣೋ," ಎಂದ ಮಾದೇಶ.

ಪ್ಲಾಸ್ಟಿಕ್ ಮಳೆಕೋಟು, ಅದರ ಮೇಲೆ ಸ್ವೆಟರು, ಅದರ ಮೇಲೆ ಶಿವಣ್ಣನ ಕಂಬಳಿ. ಮಾದೇಶ ಒಲೆಯ ಬಾಯಿಗೆ ಮೂರು ಅಡಿ ದೂರದಲ್ಲಿ ನಿಂತು ಹಗ್ಗವಿಲ್ಲದೆ ಹಗ್ಗದಾಟ ಆಡತೊಡಗಿದ. ಹತ್ತು ನಿಮಿಷಕ್ಕೆ ಬೆವರು ಕಿತ್ತುಕೊಂಡು ಬಂತು. ರವಿಕುಮಾರ್ ಟವೆಲಿನಲ್ಲಿ ಒರೆಸುತ್ತ ಹೋದ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬೆವರು ನಿಂತಿತು. ಚರ್ಮ ಕೆಂಪಾಗಿ ಒಣಗಿತ್ತು. ಉಗುಳು ಬರಲೆಂದು ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಉಗಿಯಲು ನೋಡಿದ, ಉಗುಳೂ ಬರಲಿಲ್ಲ.

ಆಗ ಅವನ ಫೋನು ರವಿಕುಮಾರ್‌ನ ಜೇಬಿನಲ್ಲಿ ಬಡಿದುಕೊಂಡಿತು. ಮಾದೇಶನ ಹೆಂಡತಿ ಕೋಮಲ. ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ಮಂಟಪದ ಬಾಗಿಲಲ್ಲಿ ನಿಂತಿದ್ದಳು. ತೂಕ ಆದ ಮೇಲಿನ ಮೊದಲ ಊಟ ಪ್ರತಿ ಸಲ ಅವಳೇ ತರುವುದು.

"ತೂಕ ಆಯ್ತಾ ಸಾ? ಊಟ ತಂದಿವ್ನಿ. ಆಷಾಢ ಸುಕ್ರವಾರ ಅಲ್ವಾ, ಕೋಳಿ ಮಾಡ್ಲಿಲ್ಲ. ಅನ್ನ ಬಸ್ಸಾರು. ಅವ್ರಿಗೆ ಯೋಳ್ಬುಡಿ."

"ಹಾಲ್‌ನಲ್ಲಿ ಕೂತಿರಮ್ಮ. ಬರ್ತೀವಿ," ಎಂದ ರವಿಕುಮಾರ್.

ಬೆಲ್ಲ ತೂಗಲು ಶಿವಣ್ಣನ ಬಳಿ ಒಂದು ತಕ್ಕಡಿ ಇತ್ತು. ಹನ್ನೊಂದು ನಲವತ್ತಕ್ಕೆ ಕಂಬಳಿ, ಕೋಟು ಬಿಚ್ಚಿಸಿ ಚಡ್ಡಿಯಲ್ಲಿ ಅದರ ಮೇಲೆ ನಿಲ್ಲಿಸಿದರು. ಅರವತ್ತೊಂದು ಕಿಲೋ ಏಳ್ನೂರು.

ಮಾದೇಶ ಅಂಕಿಯನ್ನು ದಿಟ್ಟಿಸಿದ. "ಶಿವಣ್ಣ, ಇದು ಮಾರೋರ ತಕ್ಕಡಿ ತಾನೆ?"

"ಮತ್ತೆ? ಬೆಲ್ಲ ಮಾರೋರು ನಾವೇ ಅಲ್ವಾ?"

"ಕೊಳ್ಳೋರ ಮಿಷಿನ್ನು ಕಮ್ಮಿ ತೋರ್ಸದೆ. ಮಾರೋರದು ಜಾಸ್ತಿ ತೋರ್ಸಬೇಕು. ನಿಂದು ಎಷ್ಟು ಜಾಸ್ತಿ ತೋರ್ಸದೆ? ನಿಜ ಯೋಳು, ನಾನು ಯಾರಿಗೂ ಯೋಳಕಿಲ್ಲ."

"ಜಾಸ್ತಿನೂ ಇಲ್ಲ ಕಮ್ಮಿನೂ ಇಲ್ಲ ಕಣಣ್ಣ."

"ನೂರಕ್ಕೆ ಒಂದು?"

"ದೇವ್ರಾಣೆ ಅಣ್ಣ. ನಾವು ಅಂತೋರಲ್ಲ."

"ಒಂದಾದ್ರೂ ಇರ್ಲೇಬೇಕು ಕಣೋ," ಎಂದ ಮಾದೇಶ. ಶಿವಣ್ಣನ ಕೈ ಹಿಡಿದುಕೊಂಡಿದ್ದ. ನೂರಕ್ಕೆ ಒಂದು ಹೆಚ್ಚು ತೋರಿಸುವುದು ನಿಜವಾದರೆ ಅವನ ತೂಕ ಅರವತ್ತೊಂದು ಕಿಲೋ ನೂರರ ಹತ್ತಿರ, ಮಿತಿಯ ಒಳಗೆ. ಶಿವಣ್ಣ ರವಿಕುಮಾರ್ ಕಡೆ ನೋಡಿದ.

"ಇರಬಹುದೇನೋ," ಎಂದ ಕಡೆಗೆ. "ಹಳೇದು ನೋಡಿ."

ವ್ಯಾನಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕಂಬಳಿ ಹೊದಿಸಿದರು. ಬಸ್ ನಿಲ್ದಾಣದ ಬಳಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ನಿಂತು ನಾಲ್ಕು ನಿಮಿಷ ಹೋಯಿತು. ರವಿಕುಮಾರ್ ಹಾರ್ನ್ ಒತ್ತಿಯೇ ಇದ್ದ. ಮಾದೇಶ ಅಲುಗಾಡಲಿಲ್ಲ. ಶಿವಣ್ಣನ ತಕ್ಕಡಿ ಹಳೆಯದು ಎಂದು ಎರಡು ಸಲ ಹೇಳಿದ.

ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಊಟದ ಹಾಲ್‌ನ ಯಂತ್ರದಲ್ಲಿ ಅರವತ್ತೊಂದು ಕಿಲೋ ಆರುನೂರ ಅರವತ್ತು ಬಂತು. ಶಿವಣ್ಣನ ತಕ್ಕಡಿ ಸರಿಯಾಗಿಯೇ ಇತ್ತು.

ಕೋಮಲ ಗೋಡೆಯ ಬದಿ ಊಟದ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡನನ್ನು ನೋಡಿ ಎದ್ದಳು. ರವಿಕುಮಾರ್ ಕೈಯಾಡಿಸಿ ಕೂರಿಸಿದ. ಅವಳು ಕೂತಳು.

ಮಾದೇಶ ಮತ್ತೆ ಬಾಗಿಲ ಹೊರಗೆ ಓಡಿದ. ಮೆಟ್ಟಿಲು ಹತ್ತಿದ, ಇಳಿದ. ಆರು ಸಲ ಹತ್ತಿ ಏಳನೆಯದಕ್ಕೆ ಕಂಬಿ ಹಿಡಿದು ಕೂತುಬಿಟ್ಟ. ಡಾಕ್ಟರು ಬಂದು ನಾಡಿ ನೋಡಿ ಇನ್ನು ಓಡಬಾರದು ಎಂದರು. ರವಿಕುಮಾರ್ ಅವನ ತಲೆಯ ಮೇಲಿನ ಅಂಗುಲದಷ್ಟು ಕೂದಲನ್ನೂ ಬ್ಲೇಡಿನಲ್ಲಿ ಬೋಳಿಸಿದ. ಕೂದಲಿಗೆ ಎಷ್ಟು ಗ್ರಾಂ ಎಂಬುದು ಅವನಿಗೆ ಗೊತ್ತಿತ್ತು, ಆದರೂ ಬೋಳಿಸಿದ. ಹನ್ನೆರಡು ಹನ್ನೊಂದಕ್ಕೆ ಇಬ್ಬರು ಟವೆಲು ಅಡ್ಡ ಹಿಡಿದರು. ಮಾದೇಶ ಚಡ್ಡಿಯನ್ನೂ ತೆಗೆದು ನಿಂತ.

ಅರವತ್ತೊಂದು ಕಿಲೋ ಆರುನೂರು.

ಹೇಮಲತಾ ಗಡಿಯಾರ ನೋಡಿದರು. ಅಂಕಿ ಬದಲಾಗಬಹುದು ಎನ್ನುವಂತೆ ಇನ್ನೂ ಅರ್ಧ ನಿಮಿಷ ಪೆನ್ನು ಎತ್ತಿ ಹಿಡಿದಿದ್ದರು. ಆಮೇಲೆ ಬರೆದರು.

ಹೆಚ್ಚಿನ ತೂಕಕ್ಕೆ ಎದುರಾಳಿ ಒಪ್ಪಿದರೆ ಬೆಲ್ಟ್ ಇಲ್ಲದೆ ಪಂದ್ಯ ಆಡಬಹುದು. ಅದನ್ನು ಅವರೇ ಹೋಗಿ ಹರಿಯಾಣದ ತರಬೇತುದಾರನಿಗೆ ಹಿಂದಿಯಲ್ಲಿ ಹೇಳಿದರು. ಆತ ಒಪ್ಪಲಿಲ್ಲ. ತನ್ನ ಹುಡುಗನೂ ಎಂಟು ದಿನ ಒಣಗಿದ್ದಾನೆ, ಹೆಚ್ಚು ತೂಕದವನ ಏಟು ಯಾಕೆ ತಿನ್ನಬೇಕು ಎಂದ. ಮಾತಿನಲ್ಲಿ ತಪ್ಪಿರಲಿಲ್ಲ. ಆ ಹುಡುಗ ಮಾತ್ರ ಎದ್ದು ಬಂದು ಮಾದೇಶನ ಭುಜ ಮುಟ್ಟಿ ಏನೋ ಹೇಳಿದ. ಮಾದೇಶನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದ.

"ಮೇಡಂ, ತಕ್ಕಡಿ ಮೋಸ ಆಗಿದೆ," ಎಂದ ರವಿಕುಮಾರ್. "ನಂಜನಗೂಡಿನ ಮಂಡೀದು. ಬೇಕಾದರೆ ಫೋನ್ ಮಾಡಿಕೊಡ್ತೀನಿ."

"ನಂಬ್ತೀನಿ ಸರ್," ಎಂದರು ಹೇಮಲತಾ. "ಆದರೆ ನಾನು ನೋಡೋದು ಈ ಯಂತ್ರ ಮಾತ್ರ." ಸಹಿ ಮಾಡಲು ಕಾಗದವನ್ನು ಅವನ ಕಡೆ ತಿರುಗಿಸಿದರು.

ಕೋಮಲ ಕ್ಯಾರಿಯರ್ ಬಿಚ್ಚಿದಳು. ಮಾದೇಶ ಮೊದಲು ನೀರು ಕುಡಿದ. ಮೂರು ಲೋಟ ಕುಡಿದ ಮೇಲೆ ಅನ್ನವನ್ನು ಅವಳೇ ಕಲಸಿ ಕೊಟ್ಟಳು. ಅವಳು ಅತ್ತಿರಲಿಲ್ಲ.

"ನಮ್ ಮಾವಂಗೆ ಯೋಳ್ಬ್ಯಾಡಿ ಸಾ, ಮಿಷಿನ್ ಇಂದ ಅಂತ," ಎಂದಳು ರವಿಕುಮಾರ್‌ಗೆ. "ಓಗಿ ಜಗಳ ಆಡ್ತಾರೆ. ಆಮ್ಯಾಕೆ ಅವ್ರ ಗೊನೆ ಯಾರ್ ತಕೊತಾರೆ?"

ಮಾದೇಶನ ಅಪ್ಪ ಚಿಕ್ಕಸ್ವಾಮಿಗೆ ಹೆಮ್ಮರಗಾಲದಲ್ಲಿ ಮುಕ್ಕಾಲು ಎಕರೆ ಏಲಕ್ಕಿ ಬಾಳೆ. ಮಾರುವುದು ಅದೇ ಮಂಡಿಗೆ.

"ಕಂಪ್ಲೇಂಟ್ ಕೊಡಬೇಕಮ್ಮ ಇದನ್ನ," ಎಂದ ರವಿಕುಮಾರ್. "ನಾನೇ ಬರೆದು ಕೊಡ್ತೀನಿ."

"ಕೊಟ್ರೆ?" ಎಂದ ಮಾದೇಶ, ಬಾಯಿ ತುಂಬ ಅನ್ನ ಇಟ್ಟುಕೊಂಡೇ. "ಬೀಗ ಆಕ್ತಾರೆ. ಅನ್ನೊಂದು ಜನ ಮನೇಲಿ ಕೂರ್ತೀವಿ. ಅದ್ರಿಂದ ನನ್ ಬೆಲ್ಟ್ ಪಂದ್ಯ ವಾಪಸ್ ಬತ್ತದಾ ಸಾ?"

ರವಿಕುಮಾರ್ ತನ್ನ ಫೋನು ತೆಗೆದು ನೋಡಿದ. ಅದರಲ್ಲಿ ಮಂಡಿಯ ತಕ್ಕಡಿಯ ನಲವತ್ತೆರಡು ಫೋಟೋಗಳಿದ್ದವು. ಪ್ರತಿಯೊಂದರ ಕೆಳಗೂ ಅವನದೇ "ಗುಡ್".

ಒಂದೂವರೆಗೆ ಚಿಕ್ಕಮಾದು ಮೊಪೆಡ್ಡಿನಲ್ಲಿ ಬಂದ. ನಂಜನಗೂಡಿನಿಂದ ಅಷ್ಟು ದೂರ ಸೋನೆಯಲ್ಲೇ ಬಂದಿದ್ದ, ಬನಿಯನ್ನಿನವರೆಗೂ ನೆನೆದಿದ್ದ. ಹಾಲ್‌ನ ಒಳಗೆ ಬರದೆ ಬಾಗಿಲಲ್ಲೇ ನಿಂತ. ಮಾದೇಶ ಎದ್ದು ಹೋದ.

"ನಂಗೆ ಒಳೀಲೇ ಇಲ್ಲ ಕಣ್ಲಾ ಮಾದೇಶ," ಎಂದ ಚಿಕ್ಕಮಾದು. "ದಿನಾ ಎದುರ್ಗೇ ನಿಂತಿವ್ನಿ. ಗೊನೆ ಇಟ್ಟಾಗ ಗ್ಯಾಪಕ ಇರ್ತದೆ, ಎರಡು ಕಮ್ಮಿ ಅಂತ. ನೀನು ನಿಂತಾಗ ಇರ್ನಿಲ್ಲ. ನೀನು ಗೊನೆ ಅಲ್ವಲ್ಲ."

"ನಂಗೂ ಗೊತ್ತಿತ್ತಲ್ಲಣ್ಣ," ಎಂದ ಮಾದೇಶ. "ಬುಡು. ಒಳಕ್ಕೆ ಬಾ, ಅನ್ನ ಅದೆ."

"ಯಜಮಾನ್ರು ಕೇಳುದ್ರು, ಸೋಮವಾರ ಬತ್ತಾನಾ ಅಂತ."

ಮೇಲಿನ ಹಾಲ್‌ನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ರಿಂಗಿನ ನಾಲ್ಕನೆಯ ಕಂಬ ಕೂರಿಸುತ್ತಿದ್ದರು.

"ಬತ್ತೀನಿ ಅನ್ನು," ಎಂದ ಮಾದೇಶ.

ಶನಿವಾರ ಸಂಜೆ ಉಳಿದ ಐದು ಪಂದ್ಯಗಳು ನಡೆದವು. ಸೆಪ್ಟೆಂಬರ್‌ನ ಟೂರ್ನಿಗೆ ಹರಿಯಾಣದ ಹುಡುಗನ ಹೆಸರು ಹೋಯಿತು. ಸೋಮವಾರ ಬೆಳಿಗ್ಗೆ ಆರೂವರೆಗೆ ಮಂಡಿಗೆ ಬಂದ ಮೊದಲ ಗಾಡಿ ಹೆಮ್ಮರಗಾಲದ್ದು, ಅದರಲ್ಲಿ ಚಿಕ್ಕಸ್ವಾಮಿಯ ಮೂವತ್ತೆಂಟು ಗೊನೆಗಳಿದ್ದವು. ಮಾದೇಶ ಅವನ್ನು ಇಳಿಸಿ ತಕ್ಕಡಿಯ ಮೇಲೆ ಇಟ್ಟ. ಚಿಕ್ಕಮಾದು ಅಂಕಿ ಓದಿ ಹೇಳಿದ, ಗುಮಾಸ್ತ ಬರೆದುಕೊಂಡ.